ವಾಸನೆ ನೋಡು ಎಂದು ಚಾಚಿದ ಕೈ

ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ಪಾರ್ಲರಿನ ಪರದೆ ಸರಿಸುವುದಕ್ಕೂ ಮೊದಲು, ಅಕ್ಕೋರು ತಮ್ಮ ಎರಡೂ ಕೈಗಳನ್ನು ನನ್ನ ಮೂಗಿನ ಹತ್ತಿರ ತರುತ್ತಿದ್ದರು.

"ವಾಸನಿ ನೋಡವಾ ರೇಣು. ಏನರ ಬರತೈತೇನ?"

ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಒಂದಿಷ್ಟು ನಿಂಬೆ. ಬೇರೆ ಏನೂ ಇರುತ್ತಿರಲಿಲ್ಲ. "ಏನೂ ಇಲ್ರಿ" ಅನ್ನುತ್ತಿದ್ದೆ. ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ತಾವೇ ಇನ್ನೊಮ್ಮೆ ಮೂಸಿ ನೋಡಿ, ಸೆರಗಿಗೆ ಒರೆಸಿಕೊಂಡು, ಕಾಲು ನೆನೆಸುವ ಟಬ್ಬಿಗೆ ಬಿಸಿನೀರು ಬಿಡಲು ಹೋಗುತ್ತಿದ್ದರು. ಹೀಗೆ ಹದಿನೆಂಟು ವರ್ಷ. ರಜೆ ಬಿಟ್ಟರೆ ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ.

ಕಳೆದ ತಿಂಗಳು ಅಕ್ಕೋರು ತೀರಿಕೊಂಡರು. ಅಂದಿನಿಂದ ನನ್ನ ಕೈಯನ್ನು ನಾನೇ ಮೂಸಿಕೊಳ್ಳುತ್ತಿದ್ದೇನೆ. ಒಣಮೆಣಸಿನಕಾಯಿ ಮುಟ್ಟಿ ಎಷ್ಟೋ ವರ್ಷವಾಯಿತು. ಅಡುಗೆಗೂ ಅಂಗಡಿಯ ಖಾರಪುಡಿಯನ್ನು ಚಮಚದಲ್ಲಿ ಹಾಕುವವಳು ನಾನು. ಆದರೂ ಘಾಟು ಬರುತ್ತದೆ. ಗಿರಾಕಿಯ ಮುಖಕ್ಕೆ ಕ್ರೀಮು ಹಚ್ಚುತ್ತಿರುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಮಗನ ತಲೆ ಬಾಚುವಾಗ. ಅವರಿಗೆ ನಾನು ಹೇಳಬೇಕಾದ ಒಂದು ಮಾತಿತ್ತು. ಒಂದೇ ಕೋಣೆಯಲ್ಲಿ ಇಷ್ಟು ವರ್ಷ ನಿಂತು ದುಡಿದರೂ ಹೇಳಲಿಲ್ಲ. ಹೇಳದೇ ಇರಲು ನನ್ನ ಹತ್ತಿರ ಒಂದು ಕಾರಣವಿತ್ತು, ಅದು ಒಳ್ಳೆಯ ಕಾರಣ ಅಂದುಕೊಂಡಿದ್ದೆ.

ನಮ್ಮ ಕಡೆ ಅಕ್ಕೋರು ಅಂದರೆ ಶಾಲೆಯ ಟೀಚರಮ್ಮ. ಇವರು ಏಳನೆಯ ತರಗತಿಗೇ ಶಾಲೆ ಬಿಟ್ಟವರು. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಪಾರ್ಲರ್ ಇದೆ. ಅಲ್ಲಿಗೆ ಕೆಲಸ ಕಲಿಯಲು ಬಂದ ಹುಡುಗಿಯರಿಗೆಲ್ಲ ಅವರೇ ಕೈಹಿಡಿದು ಕಲಿಸುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಮಾಲೀಕರಾದ ಮೇಡಂ ಕೂಡ ಹಾಗೇ ಕರೆಯುತ್ತಿದ್ದರು. ಖರೇ ಟೀಚರಮ್ಮಂದಿರು ಗಿರಾಕಿಯಾಗಿ ಬಂದರೆ ತಮಾಷೆ ಶುರುವಾಗುತ್ತಿತ್ತು. "ನೀವು ಹುಡುಗರ ಕಿವಿ ಹಿಂಡತೀರಿ, ನಾ ನಿಮ್ಮ ಹುಬ್ಬ ಹಿಂಡತೇನಿ. ಲೆಕ್ಕ ಬರೋಬರಿ ಆತು ಬಿಡ್ರಿ" ಅನ್ನುತ್ತಿದ್ದರು ಅಕ್ಕೋರು.

ಹುಬ್ಬು ತಿದ್ದುವುದರಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡು ಕೈಯಲ್ಲಿ ಉಳಿದದ್ದನ್ನು ಹಿಡಿದು ಕತ್ತು ಆಡಿಸಿದರೆ ಮುಗಿಯಿತು, ಗಿರಾಕಿ ಕಣ್ಣೀರು ಹಾಕುವುದರೊಳಗೆ ಹುಬ್ಬು ಸಿದ್ಧ. ವರ್ಷಗಟ್ಟಲೆ ದಾರ ಕಚ್ಚಿ ಕಚ್ಚಿ ಅವರ ಮುಂದಿನ ಹಲ್ಲಿನಲ್ಲಿ ಒಂದು ಗೀರು ಬಿದ್ದಿತ್ತು. ಏನಾದರೂ ಯೋಚಿಸುವಾಗ ನಾಲಿಗೆಯ ತುದಿ ಆ ಗೀರಿಗೆ ಹೋಗುತ್ತಿತ್ತು. ಹಾವೇರಿಯಿಂದ, ಹೊಸರಿತ್ತಿಯಿಂದಲೂ ಹೆಂಗಸರು ಬಂದು, "ಅಕ್ಕೋರ ಕೈ ಖಾಲಿ ಆಗೂತನಾ ಕುಂದರತೇವಿ" ಎಂದು ಬೆಂಚಿನ ಮೇಲೆ ಕಾಯುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು ಅವರದು. ಯಾರ ಮುಖವನ್ನೂ ಅವರು ಸೀದಾ ಮುಟ್ಟುತ್ತಿರಲಿಲ್ಲ. ಮೊದಲು ಎರಡೂ ಅಂಗೈಗಳನ್ನು ಗಿರಾಕಿಯ ಕಿವಿಗಳ ಮೇಲೆ ಹಗುರಾಗಿ ಇಟ್ಟು, ಆಕೆ ಒಂದು ಸಲ ಉಸಿರು ಬಿಡುವ ತನಕ ಸುಮ್ಮನಿರುತ್ತಿದ್ದರು. "ಮುಟ್ಟತೇನವಾ ಅಂತ ಮುಖಕ್ಕ ಮೊದಲ ಹೇಳಬೇಕು. ಒಮ್ಮಿಂದೊಮ್ಮೆ ಮುಟ್ಟಿದರ ಬೆದರತೈತಿ" ಎಂದು ನಮಗೆ ಕಲಿಸಿದ್ದರು. ಇವತ್ತಿನ ಹುಡುಗಿಯರು ಮೊಬೈಲಿನಲ್ಲಿ ನೋಡಿ ಕಲಿತು ಬರುತ್ತಾರೆ. ಎಲ್ಲ ಬರುತ್ತದೆ ಅವರಿಗೆ, ಈ ಒಂದು ಉಸಿರು ಕಾಯುವುದು ಬರುವುದಿಲ್ಲ.

ನಾನು ಬ್ಯಾಡಗಿಯವಳು. ಮೆಣಸಿನಕಾಯಿ ಹಂಗಾಮು ಬಂತೆಂದರೆ ನಮ್ಮ ಓಣಿಯ ಹೆಂಗಸರಿಗೆಲ್ಲ ತುಂಬು ಬಿಡಿಸುವ ಕೆಲಸ. ಅಂದರೆ ಒಣಮೆಣಸಿನಕಾಯಿಯ ತೊಟ್ಟು ಮುರಿದು ಹಾಕುವುದು. ನಮ್ಮ ಅವ್ವ ಮಾರ್ಕೆಟ್ಟಿಗೂ ಹೋಗುತ್ತಿದ್ದಳು, ಮನೆಗೂ ಚೀಲ ತರುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ತಾಸುಗಟ್ಟಲೆ ಕುಳಿತು ತೊಟ್ಟು ಮುರಿದವಳನ್ನು ಕೇಳಬೇಕು. ಮೇಲಾಗಿ ಮಾರ್ಕೆಟ್ಟಿಗೆ ಬೇರೆ ಕಡೆಯ ಖಾರದ ಕಾಯಿಯೂ ಬರುತ್ತದೆ. ಆ ಖಾರ ಬೆರಳಿನೊಳಗೆ ಇಳಿದರೆ ಸಾಬೂನಿಗೆ ಜಗ್ಗುವುದಿಲ್ಲ. ರೂಢಿಯಾದ ನಮಗೆ ಉರಿ ಗೊತ್ತಾಗುವುದಿಲ್ಲ, ನಮ್ಮ ಕೈ ತಾಗಿದವರಿಗೆ ಗೊತ್ತಾಗುತ್ತದೆ.

ಅದಕ್ಕೇ ಅಕ್ಕೋರು ನಾನು ಸೇರಿದ ದಿನವೇ ನಿಯಮ ಮಾಡಿದ್ದರು. ಮೆಣಸಿನಕಾಯಿ ಮುಟ್ಟಿದ ದಿನ ಮುಖ ಮುಟ್ಟುವ ಹಾಗಿಲ್ಲ. ಎಣ್ಣೆ ಹಚ್ಚಿ ತಿಕ್ಕಿ, ಕಡಲೆಹಿಟ್ಟಿನಲ್ಲಿ ತೊಳೆದು, ಕಸ ಹೊಡೆದುಕೊಂಡು ಟವೆಲ್ ಮಡಿಸಿಕೊಂಡು ಇರಬೇಕು. ದಿನಾ ಬಾಗಿಲಲ್ಲೇ ಕೇಳುತ್ತಿದ್ದರು. ಖರೇ ಹೇಳಿದರೆ ಬೈಯುತ್ತಿರಲಿಲ್ಲ, ಕಸಬರಿಗೆ ಕೊಡುತ್ತಿದ್ದರು ಅಷ್ಟೆ.

ನಾನು ಸೇರಿ ಆರು ತಿಂಗಳಾಗಿತ್ತು. ಕದರಮಂಡಲಗಿಯ ಒಬ್ಬ ಹುಡುಗಿಗೆ ಮರುದಿನ ಮದುವೆ. ಮಧ್ಯಾಹ್ನ ಫೇಶಿಯಲ್‌ಗೆ ಬರುವವಳಿದ್ದಳು. "ಈ ಸಲ ಮದುಮಗಳ ಮುಖಕ್ಕ ಮಸಾಜು ನೀನ ಮಾಡು" ಎಂದು ಅಕ್ಕೋರು ಹಿಂದಿನ ದಿನವೇ ಹೇಳಿದ್ದರು. ನನಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ಅವ್ವನಿಗೆ ಜ್ವರ. ಚೀಲ ಮಧ್ಯಾಹ್ನದೊಳಗೆ ತಿರುಗಿ ಮುಟ್ಟಿಸಬೇಕು. ಎರಡು ತಾಸು ಕುಳಿತು ತೊಟ್ಟು ಮುರಿದೆ. ಮೂರು ಸಲ ಸಾಬೂನು ಹಚ್ಚಿ ತೊಳೆದುಕೊಂಡು ರೈಲು ಹಿಡಿದೆ.

"ಮೆಣಸಿನಕಾಯಿ ಮುಟ್ಟಿ ಬಂದೀಯೇನವಾ?" ಅಕ್ಕೋರು ಬಾಗಿಲಲ್ಲಿ ಕೇಳಿದರು.

"ಇಲ್ರಿ" ಅಂದೆ. ಹೌದು ಅಂದರೆ ಮದುಮಗಳ ಮುಖ ಕೈತಪ್ಪಿ ಕಸಬರಿಗೆ ಕೈಗೆ ಬರುತ್ತಿತ್ತು. ಅಷ್ಟೇ ಕಾರಣ.

ಮಸಾಜು ನಾನು ಮಾಡಿದೆ. ಕಿವಿಯ ಮೇಲೆ ಕೈಯಿಟ್ಟು ಉಸಿರನ್ನೂ ಕಾದೆ, ಅದರಲ್ಲಿ ತಪ್ಪಲಿಲ್ಲ. ಆಮೇಲೆ ಹಬೆ ಕೊಡುವುದು, ಒರೆಸಿ ಲೇಪ ಹಚ್ಚುವುದು ಅಕ್ಕೋರು. ಲೇಪ ಅರ್ಧ ಹಚ್ಚುವುದರೊಳಗೆ ಆ ಹುಡುಗಿ, "ಉರಿಯಾಕತ್ತೈತ್ರಿ" ಅಂದಳು. ಒರೆಸಿ ತೆಗೆದರೆ ಮುಖ ಕೆಂಡದ ಹಾಗಾಗಿತ್ತು. ರೆಪ್ಪೆ ಬಾತು ಕಣ್ಣು ಮುಚ್ಚಿಹೋಗಿದ್ದವು. ಮಂಜುಗಡ್ಡೆ ಇಟ್ಟೆವು, ಮೊಸರು ಹಚ್ಚಿದೆವು, ಕೆಳಗಿನ ಹೋಟೆಲಿನಿಂದ ತಣ್ಣನೆಯ ಹಾಲು ತರಿಸಿದೆವು. ಹುಡುಗಿಯ ತಾಯಿ ನೆಲದ ಮೇಲೆ ಕುಳಿತುಬಿಟ್ಟರು. "ನಾಳೆ ಮುಂಜಾನೆ ಅಕ್ಕಿಕಾಳ ಐತ್ರಿ. ನಾ ಹೆಂಗ ಇಕಿನ್ನ ಕರಕೊಂಡ ಹೋಗಲಿ?"

ಮೇಡಂ ಬಂದು ಕ್ರೀಮಿನ ಡಬ್ಬಿ ತೆಗೆದು ತಮ್ಮ ಕೈಗೆ ಹಚ್ಚಿಕೊಂಡು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. "ಖಾರದ ಕೈ ಇದು. ಯಾರದು?" ಅಂದರು.

ನನ್ನ ಬಾಯಿ ತೆರೆದಿತ್ತು. ಮಾತು ಬರುವ ಮೊದಲೇ ಅಕ್ಕೋರು, "ನಂದರಿ ಮೇಡಂ" ಅಂದರು. ಅಂದು ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎಂದು ನಾನು ಅರ್ಥ ಮಾಡಿಕೊಂಡೆ.

ಮದುವೆ ನಿಲ್ಲಲಿಲ್ಲ. ಬಾವು ಅರ್ಧ ಇಳಿದಿತ್ತಂತೆ, ದಪ್ಪಗೆ ಪೌಡರು ಬಳಿದು, ಬಾಸಿಂಗ ಮುಂದೆ ಇಳಿಬಿಟ್ಟು ಮುಗಿಸಿದರಂತೆ. ಮೇಡಂ ಕೂಗಾಡಿ ತಣ್ಣಗಾದರು. ಆದರೆ ಮೂರನೆಯ ದಿನ ಅಕ್ಕೋರು ತಾವಾಗಿಯೇ ಅವರ ಮುಂದೆ ನಿಂತು, "ಇನ್ನ ಮುಂದ ನಾ ಮುಖಾ ಮುಟ್ಟಂಗಿಲ್ರಿ. ನನಗ ಕಾಲಿನ ಕೆಲಸ ಕೊಡ್ರಿ" ಅಂದರು. ಮೇಡಂ ಬೇಡ ಅನ್ನಲಿಲ್ಲ. ಹಾಗೆ ಇಡೀ ಜಿಲ್ಲೆಗೇ ಹೆಸರಾಗಿದ್ದ ಒಂದು ಕೈ ಟಬ್ಬಿನ ನೀರಿಗೆ ಇಳಿಯಿತು.

ಒಂದು ವಾರ ಬಿಟ್ಟು, ಮೆಟ್ಟಿಲಿನ ಮೇಲೆ ಅವರನ್ನು ತಡೆದೆ. "ಅಕ್ಕೋರ, ಅವತ್ತ ನೀವು ನನ್ನ ಸಲುವಾಗಿ..."

"ಆ ಮಾತ ಎತ್ತಬ್ಯಾಡ ರೇಣು." ಅವರ ಮುಖ ಸಣ್ಣದಾಗಿತ್ತು. "ಇನ್ನೊಮ್ಮೆ ಎತ್ತಿದರ ನನ್ನ ಮ್ಯಾಲ ಆಣಿ ಐತಿ."

ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ಆವತ್ತು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚೇ ತಿಂದೆ. ನನ್ನ ಕಾರಣ ಇದು. ಅವರೇ ಆಣೆ ಹಾಕಿದ್ದಾರೆ, ನಾನು ಹೇಗೆ ಮಾತೆತ್ತಲಿ?

ಕಾಲಿನ ಕೆಲಸವನ್ನೂ ಅವರು ಸುಮ್ಮನೆ ಮಾಡಲಿಲ್ಲ. ಮಗಳನ್ನು ಮದುಮಗಳು ಮಾಡಿಸಲು ಬಂದ ಹಳ್ಳಿಯ ತಾಯಂದಿರು ತಮ್ಮ ಬಿರುಕುಬಿಟ್ಟ ಹಿಮ್ಮಡಿಗಳನ್ನು ಸೀರೆಯ ಕೆಳಗೆ ಮುಚ್ಚಿಕೊಂಡು ಕೂರುತ್ತಿದ್ದರು. ಅಕ್ಕೋರು ಸಣ್ಣ ಸ್ಟೂಲು ಎಳೆದುಕೊಂಡು ಹೋಗಿ, "ತಾಯೀ, ಮಗಳದು ಆಗೂತನಾ ಖಾಲಿ ಯಾಕ ಕುಂದರತೀರಿ? ಇಲ್ಲಿ ಕೊಡ್ರಿ" ಎಂದು ಕಾಲನ್ನು ನೀರಿಗೆ ಎಳೆದುಕೊಂಡುಬಿಡುತ್ತಿದ್ದರು. "ಅಯ್ಯ, ನನ್ನ ಕಾಲ ನೀವು ಹಿಡೀಬಾರದ್ರಿ" ಎಂದು ಆಕೆ ಒದ್ದಾಡಿದರೆ, "ಸುಮ್ನ ಕುಂದ್ರಿ. ಇಷ್ಟ ದುಡದ ಕಾಲ ಯಾರ ಹಿಡದರೂ ನಡೀತೈತಿ" ಅನ್ನುತ್ತಿದ್ದರು. ಅವರ ಕಾಲು ಮಾತ್ರ ನೋಡುವ ಹಾಗಿರಲಿಲ್ಲ. ದಿನಾ ಹತ್ತು ತಾಸು ನಿಂತು ನಿಂತು ಮೀನಖಂಡದ ನರಗಳು ಹಗ್ಗದ ಗಂಟಿನಂತೆ ಉಬ್ಬಿದ್ದವು. ನಮ್ಮ ಕಸುಬಿನಲ್ಲಿ ಎಲ್ಲರದೂ ಹಾಗೇ. ಊರಿನವರ ಮುಖ ಬೆಳಗಿಸಿ ನಮ್ಮ ಹುಬ್ಬನ್ನು ಪೊದೆಯಾಗಿ ಬೆಳೆಸಿಕೊಂಡಿರುತ್ತೇವೆ.

ಮುಖದ ಕೆಲಸ ನನ್ನ ಪಾಲಿಗೆ ಬಂತು. ಅವರ ಕುರ್ಚಿಯ ಹಿಂದೆ ಈಗ ನಾನು. ಅವರು ನನ್ನ ಹಿಂದೆ ಎರಡು ಕೈಯನ್ನೂ ಬೆನ್ನಿಗೆ ಕಟ್ಟಿಕೊಂಡು ನಿಂತು ಬಾಯಿಂದ ಕಲಿಸುತ್ತಿದ್ದರು. "ಮ್ಯಾಲ, ಮ್ಯಾಲ. ಬೆರಳ ಹಗರ ಇಡು. ಗದ್ದದ ಹತ್ರ ನಿಲ್ಲಬ್ಯಾಡ." ಎಷ್ಟೋ ಸಲ ಹೇಳಿ ತಿಳಿಯದಿದ್ದಾಗ ಒಂದು ಕೈ ಬಿಡಿಸಿಕೊಂಡು ಮುಂದೆ ಬರುತ್ತಿತ್ತು. ಮುಖದ ಹತ್ತಿರ ಬಂದು ಅಲ್ಲೇ ನಿಂತು, ತಿರುಗಿ ಬೆನ್ನಿನ ಹಿಂದೆ ಹೋಗುತ್ತಿತ್ತು.

ಮತ್ತೆ ಆ ವಾಸನೆ ನೋಡುವುದು. ಮೊದಮೊದಲು ನಾನು ತಲೆ ತಗ್ಗಿಸಿ ಮೂಸುತ್ತಿದ್ದೆ. ವರ್ಷ ಕಳೆದಂತೆ ಸಿಟ್ಟು ಬರತೊಡಗಿತು. ಇದು ನನಗೆ ಕೊಡುವ ಚುಚ್ಚು ಎಂದೇ ನಾನು ತಿಳಿದಿದ್ದೆ. ನಿನ್ನ ಕೈಯ ತಪ್ಪು ನಾನು ಹೊತ್ತಿದ್ದೇನೆ, ಮರೆಯಬೇಡ ಎಂದು ದಿನಾ ಮೂಗಿಗೇ ಹಿಡಿಯುತ್ತಾರೆ ಅನ್ನಿಸುತ್ತಿತ್ತು. ಒಂದು ಸಲ ಉಪಕಾರ ಮಾಡಿ ಸಾಯುವ ತನಕ ವಸೂಲು ಮಾಡುವವರು ಎಂದು ಮನೆಯಲ್ಲಿ ಗಂಡನ ಮುಂದೆ ಬೈದದ್ದೂ ಇದೆ. ಅವನಿಗೆ ಏನು ವಿಷಯ ಎಂದೂ ಹೇಳಿರಲಿಲ್ಲ. ಒಂದು ದಿನ ಅಕ್ಕೋರಿಗೇ ಒರಟಾಗಿ, "ಎಷ್ಟ ಸಲಾ ಹೇಳೂದ್ರಿ? ಏನೂ ಇಲ್ಲ" ಅಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, "ಸಿಟ್ಟಿಗೇಳಬ್ಯಾಡವಾ. ನನಗ ಗೊತ್ತಾಗೂದಿಲ್ಲ, ನಿನಗ ಗೊತ್ತಾಗತೈತಿ ಅಂತ ಕೇಳಿದೆ" ಅಂದರು. ಮರುದಿನ ಮತ್ತೆ ಹತ್ತು ಗಂಟೆಗೆ ಕೈ ಚಾಚಿದರು.

ಆ ಕದರಮಂಡಲಗಿಯ ಹುಡುಗಿ ಎಂಟು ವರ್ಷದ ಮೇಲೆ ಒಮ್ಮೆ ಬಂದಳು. ಮಗಳ ಕೂದಲು ಕತ್ತರಿಸಬೇಕಿತ್ತು. ಗುರುತು ಹಿಡಿದು ನಕ್ಕಳು. "ಅಕ್ಕೋರ, ಮದಿವಿ ಫೋಟೋದಾಗ ನಾ ಯಾರಂತ ನನ್ನ ಮಗಳು ಕೇಳತಾಳ್ರಿ. ನಮ್ಮ ಮನಿಯವರು ಇವತ್ತಿಗೂ ಕಾಡಸ್ತಾರ, ಮೆಣಸಿನಕಾಯಿ ಕಟಗೊಂಡೇನಿ ಅಂತ. ಇವತ್ತ ನನ್ನ ಹುಬ್ಬ ನೀವ ಮಾಡ್ರಿ, ಆತಲಾ ಹೋದ ಮಾತು." ಮುಖವನ್ನು ಮುಂದೆ ಚಾಚಿ ಕಣ್ಣು ಮುಚ್ಚಿಯೂ ಬಿಟ್ಟಳು.

ಅಕ್ಕೋರು ಅವಳ ಕಾಲ ಹತ್ತಿರ ಸ್ಟೂಲು ಹಾಕಿಕೊಂಡು ಕುಳಿತರು. "ಮುಖಾ ರೇಣು ಮಾಡತಾಳ ತಂಗಿ. ನಾ ಕಾಲ ತೊಳೀತೇನಿ" ಅಂದು ಆಮೇಲೆ ತಲೆ ಎತ್ತಲಿಲ್ಲ. ಆವತ್ತು ನಾನು ಹೇಳಬಹುದಿತ್ತು. ಅನ್ಯಾಯವಾದವಳೇ ನಗುತ್ತಿದ್ದಳು, ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಗಿರಾಕಿಗಳು ರೇಣು ಕೈ ಬೇಕು ಎಂದು ಬೆಂಚಿನ ಮೇಲೆ ಕಾಯುತ್ತಿದ್ದರು. ನಾನು ದಾರ ಕಚ್ಚಿಕೊಂಡು ಹುಬ್ಬು ತಿದ್ದಿದೆ. ದಾರ ಬಾಯಲ್ಲಿದ್ದಾಗ ಮಾತಾಡುವ ಹಾಗಿಲ್ಲವಲ್ಲ.

ಇನ್ನೊಂದು ಸಲ ಅದಕ್ಕಿಂತ ಹತ್ತಿರ ಹೋಗಿದ್ದೆ. ಪಾರ್ಲರಿನ ವಾರ್ಷಿಕ ಪೂಜೆಯ ದಿನ ಮೇಡಂ, "ಇಷ್ಟು ವರ್ಷದಾಗ ಅಕ್ಕೋರು ಒಂದ ಫೇಶಿಯಲ್ ಮಾಡಿಸಿಕೊಂಡಿಲ್ಲ. ಇವತ್ತ ಅವರನ್ನ ಕುಂದರಸ್ರಿ" ಅಂದರು. ಹುಡುಗಿಯರು ಎಳೆದು ತಂದು ಕೂರಿಸಿದರು. ಕೈ ನನ್ನದು. ಕಿವಿಗಳ ಮೇಲೆ ಅಂಗೈ ಇಟ್ಟು ಕಾದೆ. ಅವರ ಉಸಿರು ಬರಲು ಬಹಳ ಹೊತ್ತಾಯಿತು. ಕಣ್ಣಿನ ಮೇಲೆ ಹತ್ತಿ ಇಟ್ಟಿದ್ದೆ, ಹುಡುಗಿಯರೆಲ್ಲ ಪ್ರಸಾದಕ್ಕೆ ಆಚೆ ಹೋಗಿದ್ದರು. ಆ ಮುಖ ನನ್ನ ಬೆರಳ ಕೆಳಗೆ ಮಗುವಿನ ಮುಖದಷ್ಟು ಸಡಿಲವಾಯಿತು. "ಅಕ್ಕೋರ" ಅಂದೆ.

"ಹೂಂ."

ಹಬೆಯ ಯಂತ್ರ ಸುಂಯ್ ಅನ್ನುತ್ತಿತ್ತು.

"ನಿನ್ನ ಕೈ ಛಲೋ ಐತಿ ರೇಣು" ಅಂದರು ಅವರೇ. "ತಣ್ಣಗ ಐತಿ. ಒಟ್ಟ ಉರಿ ಇಲ್ಲ."

ಬಿಸಿನೀರಿನ ಬಟ್ಟೆ ಹಿಂಡಿ ಮುಖ ಒರೆಸಿದೆ.

ಆರು ತಿಂಗಳ ಹಿಂದೆ ಕಾಲಿನ ನರ ಒಡೆದು ಹುಣ್ಣಾಗಿ ಅಕ್ಕೋರು ಮನೆ ಹಿಡಿದರು. ಎರಡು ಸಲ ಹೋಗಿ ನೋಡಿಬಂದೆ. ಎರಡು ಸಲವೂ ಕೈ ಚಾಚಿದರು, ಎರಡು ಸಲವೂ ಏನೂ ಇಲ್ರಿ ಅಂದೆ. ಮೂರನೆಯ ಸಲ ಸುದ್ದಿಯೇ ಬಂತು.

ಹಾವೇರಿಯ ಅವರ ಮನೆಗೆ ಹೋದಾಗ ಬೆಳಗಿನ ಹನ್ನೊಂದು ಗಂಟೆ. ಅಂಗಳದಲ್ಲಿ ಅವರ ಗಂಡ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದರು. ಒಳಗೆ ಅಕ್ಕೋರನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಕತ್ತು ಸ್ವಲ್ಪ ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ನಮ್ಮ ಕುರ್ಚಿಯಲ್ಲಿ ಕುಳಿತ ಗಿರಾಕಿಯ ಹಾಗೇ ಇದ್ದರು. ಮುತ್ತೈದೆಯಾಗಿ ಹೋದವರು, ಅರಿಶಿನ ಕುಂಕುಮ ಹೂವು ಎಲ್ಲ ಆಗಬೇಕಿತ್ತು. ಮಗಳು ಸವಿತಾ ನನ್ನನ್ನು ನೋಡಿ ಅಳುತ್ತಲೇ ಎದ್ದು ಬಂದಳು.

"ರೇಣಕ್ಕ, ಅವ್ವನ ಮುಖಾ ನೀವ ಮಾಡಬೇಕ್ರಿ. ನಿಮ್ಮ ಕೈ ಅಂದರ ಅಕಿಗೆ ಜೀವ ಆಗಿತ್ತು." ಎಣ್ಣೆಯ ಬಟ್ಟಲು ತಂದು ನನ್ನ ಕೈಗೆ ಕೊಟ್ಟಳು. "ಅದಕ್ಕೂ ಮೊದಲ ಒಂದ ಕೆಲಸ ಐತ್ರಿ. ಅಕಿ ಕೈಗೆ ಎಣ್ಣಿ ಹಚ್ಚಿ ಕಡ್ಲಿಹಿಟ್ಟಿಲೆ ಛಲೋತ್ನಂಗ ತೊಳೀಬೇಕು. ಹೇಳಿ ಹೋಗ್ಯಾಳ."

"ಯಾಕ?"

"ನಿಮಗ ಗೊತ್ತಿಲ್ಲೇನ್ರಿ? ಆ ಕೈಲೆ ಒಂದು ಮದುಮಗಳ ಮುಖಾ ಸುಟ್ಟಿದ್ದಳಲ್ರಿ." ಸವಿತಾ ಧ್ವನಿ ಇಳಿಸಿದಳು. "ಅವತ್ತ ಮುಂಜಾನೆ ಅಕಿ ಮನ್ಯಾಗ ಮೆಣಸಿನಕಾಯಿ ಹಾಕಿ ಒರಳಾಗ ಕೆಂಪ ಖಾರ ತಿರುವಿದ್ದಳ್ರಿ. ನಾನ ಹಟಾ ಮಾಡಿದ್ದೆ, ಸಾಲಿ ಡಬ್ಬಿಗೆ ಬೇಕ ಅಂತ. ಎಣ್ಣಿ ಹಚ್ಚಿ ಕೈ ತೊಳಕೊಂಡಿದ್ದೆ, ಆದರೂ ಹೆಂಗ ಉಳೀತೋ ಅಂತ ಅವ್ವ ಕಡೀತನಕಾ ಅಂದಳು. ಅವತ್ತಿನಿಂದ ನಮ್ಮ ಮನ್ಯಾಗ ಖಾರ ತಿರುವಿಲ್ಲ. ನನ್ನ ಮಗಳಿಗೆ ಐದು ವರ್ಷ ಆತು, ಒಂದ ದಿನಾ ಅದರ ಗಲ್ಲ ಮುಟ್ಟಲಿಲ್ಲ ನಮ್ಮವ್ವ. ದೂರಿಂದ ನಿವಾಳಿಸಿ ನೆಟಿಗಿ ಮುರೀತಿದ್ದಳು. ನಾ ಖಾರ ಕೇಳಬಾರದಾಗಿತ್ರಿ ಅವತ್ತು."

ಎಣ್ಣೆಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಅಕ್ಕೋರು ನನ್ನನ್ನು ಕಾಪಾಡಿರಲಿಲ್ಲ. ಕಾಪಾಡಬೇಕು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಕೇಳಿದರು, ನಾನು ಇಲ್ರಿ ಅಂದೆ, ಅವರು ನಂಬಿದರು. ನನ್ನ ಕೈ ಅಲ್ಲವೆಂದ ಮೇಲೆ ಉಳಿದದ್ದು ಅವರದೇ ಕೈ. ತಲೆಯಾಡಿಸಿದ್ದು ತಪ್ಪು ಒಪ್ಪಿಕೊಂಡು. ಆಣೆ ಹಾಕಿದ್ದು ನಾಚಿಕೆಗೆ. ದಿನಾ ಬೆಳಿಗ್ಗೆ ಕೈ ಚಾಚುತ್ತಿದ್ದುದು ಚುಚ್ಚಲಿಕ್ಕಲ್ಲ, ಖರೇನೇ ಕೇಳುತ್ತಿದ್ದರು. ಹದಿನೆಂಟು ವರ್ಷ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಒಂದು ಮಾತಿಗೆ ಕಾದು ನಿಂತಿದ್ದರು, ನಾನು ಏನೂ ಇಲ್ರಿ ಅಂದು ಕಳಿಸುತ್ತಿದ್ದೆ.

"ಸವಿತಾ" ಅಂದೆ. "ಅದು ಅವರ ಕೈ ಅಲ್ಲ. ನಿನ್ನ ಖಾರಾನೂ ಅಲ್ಲ. ನಂದು. ಅವತ್ತ ಮುಂಜಾನೆ ನಾ ತುಂಬು ಬಿಡಿಸಿ ಬಂದಿದ್ದೆ. ಕೇಳಿದರ ಸುಳ್ಳ ಹೇಳಿದೆ."

ಅವಳು ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಸುತ್ತ ಇದ್ದ ಹೆಂಗಸರಿಗೆ ಏನೂ ತಿಳಿಯಲಿಲ್ಲ.

"ಅವ್ವಗ ಹೇಳಿದ್ರೇನ್ರಿ ಇದನ್ನ?"

"ಇಲ್ಲ."

ಸವಿತಾ ಅಳುವುದನ್ನು ನಿಲ್ಲಿಸಿದ್ದಳು. ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಮುಖಾ ನಾ ಮಾಡತೇನ್ರಿ" ಅಂದಳು. "ನೀವು ಕಾಲಿಗೆ ಅರಿಷಿಣ ಹಚ್ರಿ."

ನಾನು ಕಾಲಿನ ಕಡೆ ಹೋಗಿ ಕುಳಿತೆ. ಉಬ್ಬಿದ ನರಗಳು ಇಳಿದು ಹೋಗಿದ್ದವು. ಅರಿಶಿನ ಕಲಸಿಕೊಂಡು ಹಿಮ್ಮಡಿಯಿಂದ ಶುರು ಮಾಡಿದೆ. ಮುಖದ ಕಡೆ ಸವಿತಾ ತನ್ನ ಮಗಳನ್ನು ಹತ್ತಿರ ಕರೆಯುವುದು ಕೇಳಿಸಿತು. "ಬಾ ಇಲ್ಲೆ. ಅಂಜಬ್ಯಾಡ. ಅಜ್ಜಿ ಕೈ ಐತಿ, ಏನೂ ಉರಿಯಂಗಿಲ್ಲ." ತಣ್ಣನೆಯ ಕೈ ಗಲ್ಲಕ್ಕೆ ತಾಗಿದ್ದಕ್ಕೋ ಏನೋ, ಕೂಸು ಸಣ್ಣಗೆ ನಕ್ಕಿತು. ನಾನು ಅರಿಶಿನ ಹಚ್ಚುತ್ತಿದ್ದೆ. ತಲೆ ಎತ್ತಲಿಲ್ಲ.